ರಿಪೋರ್ಟ್‌ನಲ್ಲಿ 6.1 ಬಂದಿದೆ. "ಏನೂ ಇಲ್ಲ ಬಿಡು" ಅನ್ನುವವರಿಗೆ ಏನು ಹೇಳಲಿ?

ಮುಂಜಾವು

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಅಮ್ಮನಿಗೆ 15 ವರ್ಷದಿಂದ ಶುಗರ್ ಇದೆ. ಹೋದ ವಾರ ಬೇರೆ ಏನಕ್ಕೋ ರಕ್ತ ಪರೀಕ್ಷೆಗೆ ಹೋದವಳು ಇದನ್ನೂ ಸೇರಿಸಿ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 112, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿ ಎ1ಸಿ 6.1. ಡಾಕ್ಟರು ಕಾಗದ ನೋಡಿ "ಬಾರ್ಡರ್‌ನಲ್ಲಿದೆ, ಸ್ವಲ್ಪ ನೋಡ್ಕೊಳ್ಳಿ" ಅಂದರು. ಏನು ನೋಡಿಕೊಳ್ಳಬೇಕು ಅಂತ ಕೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು.

ಮನೆಗೆ ಬಂದು ಹೇಳಿದೆ. ಅಮ್ಮ ಅಂದರು, "ನಿಂಗೇನು ಬಾಯಾರಿಕೆನಾ? ರಾತ್ರಿ ಎದ್ದೆದ್ದು ಹೋಗ್ತೀಯಾ? ಇಲ್ವಲ್ಲ, ಮತ್ತೇನು." ಯಜಮಾನರು ಅಂದರು, "ಸಿಹಿ ಬಿಟ್ಟುಬಿಡು, ತಾನೇ ಸರಿಹೋಗುತ್ತೆ." ಅಣ್ಣ ಅಂದ, "ನಮ್ಮ ಮನೆತನದಲ್ಲೇ ಇದೆ ಕಣೇ. ಇವತ್ತಲ್ಲ ನಾಳೆ ಬರೋದೇ. ಅಲ್ಲಿವರೆಗೆ ನೆಮ್ಮದಿಯಾಗಿ ತಿಂದ್ಕೊಂಡಿರು."

ಮೂವರೂ ಪ್ರೀತಿಯಿಂದಲೇ ಹೇಳಿದ್ದು. ಆದರೆ ಒಂದು ಮಾತಿಗೂ ಇನ್ನೊಂದಕ್ಕೂ ತಾಳೆ ಇಲ್ಲ. ಅಮ್ಮನ ಪ್ರಕಾರ ಕಾಯಿಲೆಯೇ ಇಲ್ಲ. ಯಜಮಾನರ ಪ್ರಕಾರ ಇದೆ, ಆದರೆ ಸುಲಭ. ಅಣ್ಣನ ಪ್ರಕಾರ ಇದೆ, ಮತ್ತು ಏನೂ ಮಾಡೋಕಾಗಲ್ಲ.

ಅಣ್ಣನಿಗೆ 44. ಹೊಟ್ಟೆ ಮುಂದೆ ಬಂದಿದೆ, ದಿನವಿಡೀ ಕುರ್ಚಿಯ ಕೆಲಸ. ಇವತ್ತಿನವರೆಗೆ ಒಮ್ಮೆಯೂ ಪರೀಕ್ಷೆ ಮಾಡಿಸಿಲ್ಲ. ನನಗೆ ನನಗಿಂತ ಅವನ ಯೋಚನೆಯೇ ಜಾಸ್ತಿ ಆಗಿದೆ. ನಿಮ್ಮ ಮನೆಗಳಲ್ಲಿ ಇಂಥ ಮಾತು ಬಂದಾಗ ಏನು ಮಾಡಿದಿರಿ? ಯಾವ ಮಾತು ನಾಟಿತು?

ಹಳೇ ಸೈಕಲ್

ನಿಮ್ಮ ಅಣ್ಣ ಆಡಿದ ಮಾತನ್ನೇ ನಾನು ಹತ್ತು ವರ್ಷ ಆಡಿದ್ದೇನೆ ತಂಗಿ. ನನ್ನ ಅಪ್ಪ, ಅಮ್ಮ ಇಬ್ಬರಿಗೂ ಶುಗರ್ ಇತ್ತು. ಯಾರಾದರೂ "ಒಮ್ಮೆ ಚೆಕ್ ಮಾಡಿಸೋ" ಅಂದರೆ "ಹಣೆಯಲ್ಲಿ ಬರೆದದ್ದು ಬರುತ್ತೆ" ಅಂದುಬಿಡುತ್ತಿದ್ದೆ. ಆ ಮಾತಿಗೆ ಎದುರು ಮಾತಿಲ್ಲ ನೋಡಿ. ಕೇಳಿದವರು ಸುಮ್ಮನಾಗುತ್ತಾರೆ. ಅದಕ್ಕೇ ನನಗೆ ಆ ಮಾತು ಬೇಕಾಗಿತ್ತು.

ಒಳಗೆ ಇದ್ದದ್ದು ಬರೀ ಭಯ. ಒಂದು ಸಂಜೆ ಅಪ್ಪ ಹೊರಗಿನಿಂದ ಬಂದು ಕುರ್ಚಿಯಲ್ಲಿ ಕೂತರು. ಬಾಗಿಲಿನಿಂದ ಕುರ್ಚಿವರೆಗೆ ನೆಲದ ಮೇಲೆ ಸಣ್ಣ ಸಣ್ಣ ಕೆಂಪು ಕಲೆ, ಒಂದೊಂದು ಹೆಜ್ಜೆಗೆ ಒಂದೊಂದು. ಚಪ್ಪಲಿ ತೆಗೆಯೋಕೆ ಹೋದರೆ ಬರುತ್ತಿಲ್ಲ. ಮೊಳೆಯೊಂದು ಅಟ್ಟೆ ದಾಟಿ ಹಿಮ್ಮಡಿಗೆ ಹೊಕ್ಕಿತ್ತು. ಅಪ್ಪ ನನ್ನ ಮುಖ ನೋಡಿ "ಯಾಕೋ, ಏನಾಯ್ತು?" ಅಂದರು. ಅವರಿಗೆ ನಿಜವಾಗಿಯೂ ಗೊತ್ತೇ ಆಗಿರಲಿಲ್ಲ. ಕಾಲಿನಲ್ಲಿ ಸ್ಪರ್ಶವೇ ಹೋಗಿಬಿಟ್ಟಿತ್ತು.

ಇದನ್ನು ಕಣ್ಣಾರೆ ನೋಡಿದವನು ಮರುದಿನವೇ ಓಡಿ ಪರೀಕ್ಷೆ ಮಾಡಿಸಬೇಕಲ್ವಾ? ನಾನು ಮಾಡಿಸಲಿಲ್ಲ. ಲ್ಯಾಬ್ ಬೋರ್ಡ್ ಕಂಡರೆ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದೆ. ಆದ್ದರಿಂದ ನಿಮ್ಮ ಅಣ್ಣನಿಗೆ ಭಯ ಇಲ್ಲ ಅಂತ ಅಂದುಕೊಳ್ಳಬೇಡಿ. ಬಹುಶಃ ನಿಮಗಿಂತ ಜಾಸ್ತಿಯೇ ಇದೆ.

ಎರಡು ಮಕ್ಕಳ ಅಮ್ಮ

ನನ್ನದು ಬೇರೆ ಥರ. ಎರಡನೇ ಬಸುರಿನಲ್ಲಿ ಶುಗರ್ ಬಂತು. ಇನ್ಸುಲಿನ್ ಚುಚ್ಚಿಕೊಂಡೆ, ಊಟ ಅಳೆದು ತಿಂದೆ. ಹೆರಿಗೆ ಆದ ಮೇಲೆ ನಾರ್ಮಲ್ ಅಂದರು. ಎಲ್ಲರೂ "ಅದು ಮಗುವಿನ ಜೊತೆ ಬಂದಿದ್ದು, ಮಗುವಿನ ಜೊತೆ ಹೋಯ್ತು" ಅಂದರು. ನಾನೂ ಹಾಗೇ ನಂಬಿಕೊಂಡೆ. ಮಗನಿಗೆ ಈಗ ಆರು ವರ್ಷ. ನಾನು ಮತ್ತೆ ನೋಡಿಸಿಯೇ ಇಲ್ಲ. ಈ ಚರ್ಚೆ ಓದಿ ಈಗ ಎದೆ ಢವಗುಟ್ಟುತ್ತಿದೆ. ನೋಡಿಸಬೇಕಾ?

ನೀಲಿ ಶಾಯಿ

ನಾನು ಸಮುದಾಯ ಆರೋಗ್ಯ ವಿಭಾಗದಲ್ಲಿ ನರ್ಸ್. 18 ವರ್ಷದಿಂದ ಇದೇ ಕೆಲಸ. ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಎರಡು ಮಕ್ಕಳ ಅಮ್ಮನಿಗೆ. ನೋಡಿಸಲೇಬೇಕು, ಆದರೆ ಗಾಬರಿ ಬೇಡ. ಬಸುರಿನಲ್ಲಿ ಶುಗರ್ ಬಂದವರಿಗೆ ಮುಂದೆ ಟೈಪ್ 2, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಮಧುಮೇಹ, ಬರುವ ಸಾಧ್ಯತೆ, ಬರದವರಿಗಿಂತ 7ರಿಂದ 10 ಪಟ್ಟು ಹೆಚ್ಚು ಅಂತ ದೊಡ್ಡ ವಿಶ್ಲೇಷಣೆಗಳು ತೋರಿಸಿವೆ. ಹೆರಿಗೆಯಾದ 4ರಿಂದ 12 ವಾರದ ಒಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಒಮ್ಮೆ ಪರೀಕ್ಷೆ ಮಾಡಬೇಕು. ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಜೀವನಪೂರ್ತಿ. ಹೆರಿಗೆ ವಾರ್ಡಿನಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲೆ ಇರುತ್ತದೆ. ಈ ಮಾತನ್ನು ತಾಯಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ತಪ್ಪು ನಿಮ್ಮದಲ್ಲ ತಾಯಿ. ಈ ವಾರವೇ ಹೋಗಿಬನ್ನಿ.

ಈಗ ಮುಂಜಾವು ಅವರ ಅಮ್ಮನ ಮಾತು. "ಬಾಯಾರಿಕೆ ಇಲ್ಲ, ಹಾಗಾಗಿ ಕಾಯಿಲೆ ಇಲ್ಲ." ನಾನು ದಿನಾ ಕೇಳುವ ಮಾತಿದು. ಅಮ್ಮನ ಲೆಕ್ಕದಲ್ಲಿ ತಪ್ಪಿಲ್ಲ, ಅವರಿಗೆ ಕಾಯಿಲೆ ಗೊತ್ತಾಗಿದ್ದೇ ಬಾಯಾರಿಕೆಯಿಂದ ಇರಬೇಕು. ಆದರೆ ಆ ಬಾಯಾರಿಕೆ ಯಾಕೆ ಬರುತ್ತದೆ ಗೊತ್ತಾ? ಮೂತ್ರಪಿಂಡ ರಕ್ತ ಸೋಸುವಾಗ ಅದರಲ್ಲಿರುವ ಸಕ್ಕರೆಯನ್ನು ವಾಪಸ್ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆ ಅದಕ್ಕೆ ಅಷ್ಟನ್ನೂ ಎಳೆದುಕೊಳ್ಳಲು ಆಗುವುದಿಲ್ಲ. ಆಗ ಸಕ್ಕರೆ ಮೂತ್ರಕ್ಕೆ ಸೇರುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೂತ್ರ ಹೆಚ್ಚುತ್ತದೆ, ಬಾಯಿ ಒಣಗುತ್ತದೆ. ಈಗ ನಿಮ್ಮ 112 ನೋಡಿ. ಅದು 180ರಿಂದ ಎಷ್ಟೋ ಕೆಳಗಿದೆ. ಬಾಯಾರಿಕೆ ಆಗುವುದಾದರೂ ಹೇಗೆ? ಲಕ್ಷಣ ಬರಲಿ ಅಂತ ಕಾಯುವುದು ಅಂದರೆ ಬಾಗಿಲು ದಾಟಿ ಒಳಗೆ ಬಂದವರನ್ನು ಬಾಗಿಲಲ್ಲಿ ಕಾದ ಹಾಗೆ.

ಅಂಕಿಗಳನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಗ್ಲೂಕೋಸ್ ಕುಡಿದು ಎರಡು ಗಂಟೆ ಆದ ಮೇಲೆ 140ರಿಂದ 199, ಎಚ್‌ಬಿ ಎ1ಸಿ 5.7ರಿಂದ 6.4. ಇವು ಬಾರ್ಡರ್. 126, 200, 6.5 ಮುಟ್ಟಿದರೆ ಮಧುಮೇಹ. ಲಕ್ಷಣ ಇಲ್ಲದಿದ್ದರೆ ಒಂದೇ ಪರೀಕ್ಷೆ ಸಾಲದು, ಎರಡನೇ ಫಲಿತಾಂಶವೂ ಅದನ್ನೇ ಹೇಳಬೇಕು. ಇನ್ನೊಂದು ಮಾತು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿ ಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಮುಂಜಾವು, ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಅದೇ ರಿಪೋರ್ಟ್‌ನಲ್ಲಿ ನೋಡಿ.

ಮುಂಜಾವು

ಹಿಮೋಗ್ಲೋಬಿನ್ 12.6 ಇದೆ ಅಕ್ಕ, ರಕ್ತಹೀನತೆ ಇಲ್ಲ. 180ರ ವಿಷಯ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಂಗೆ ಗೊತ್ತಾಗೋ ಹೊತ್ತಿಗೆ ಎಷ್ಟು ದಿನ ಆಗಿತ್ತೋ ಏನೋ" ಅಂದರು. ಆ ಮಾತು ಕೇಳಿ ಸಂಕಟ ಆಯಿತು.

ರಾತ್ರಿ ಪಾಳಿ

ನಾನು ಸಣ್ಣಗಿದ್ದೇನೆ. 66 ಕೆಜಿ, ಎತ್ತರ 168 ಸೆಂಟಿಮೀಟರ್. ಕೈಕಾಲು ಕಡ್ಡಿ. ಹೊಟ್ಟೆ ಮಾತ್ರ ಸ್ವಲ್ಪ ಇದೆ. ಚಿಕ್ಕಪ್ಪನಿಗೆ ಶುಗರ್ ಇದೆ, ಆದರೆ ಅವರು ದಪ್ಪ. ದಪ್ಪ ಇದ್ದವರಿಗೆ ತಾನೇ ಇದು ಬರೋದು? ನಾನು ಇದನ್ನೆಲ್ಲ ಓದಬೇಕಾ ಬೇಡವಾ ಅಂತ ಕೇಳುತ್ತಿದ್ದೇನೆ.

ನೀಲಿ ಶಾಯಿ

ಓದಿ ತಮ್ಮ. ಒಂದು ಟೇಪು ತಗೊಂಡು ಸೊಂಟ ಅಳೆಯಿರಿ. ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆ ಎಳೆದುಕೊಳ್ಳದೆ. ಏಷ್ಯಾ ಮೂಲದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಅಂತ ಲೆಕ್ಕ. ತೂಕ ಮತ್ತು ಎತ್ತರದ ಅಳತೆ, ಅದೇ ಬಿಎಂಐ, ಎಲ್ಲರಿಗೂ 25 ಅಂತಿದ್ದುದನ್ನು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಪರಿಶೀಲಿಸಿ, ಏಷ್ಯಾದ ಜನರಿಗೆ 23ರಿಂದಲೇ ಅಪಾಯ ಏರುತ್ತದೆ ಅಂದರು. ನಿಮ್ಮದು ಲೆಕ್ಕ ಹಾಕಿದೆ, 23.4 ಬರುತ್ತದೆ.

ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯ ಒಳಗೆ, ಲಿವರ್ ಸುತ್ತಮುತ್ತ ಕೂರುವ ಕೊಬ್ಬು ಕೆಟ್ಟದ್ದು. ಕೈಕಾಲಲ್ಲಿ ಸ್ನಾಯು ಕಡಿಮೆ ಇದ್ದರೆ ಅದೂ ಒಂದು ತೊಂದರೆ. ಊಟದ ನಂತರ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುದರಲ್ಲಿ ದೊಡ್ಡ ಪಾಲು ಸ್ನಾಯುವಿನದು. ಸಣ್ಣಗಿದ್ದು ಹೊಟ್ಟೆ ಇರುವವರು "ನಾನು ದಪ್ಪ ಇಲ್ಲ" ಅಂತ ನಿಶ್ಚಿಂತೆಯಾಗಿ ಇರುತ್ತಾರೆ. ನನಗೆ ಅವರದ್ದೇ ಜಾಸ್ತಿ ಚಿಂತೆ.

ರಾತ್ರಿ ಪಾಳಿ

ಅಳೆದೆ. 92.

ಓದುವ ಹುಚ್ಚು

ನಾನು ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ಹಳೇ ಸೈಕಲ್ ಸರ್ ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ಪಾಠದಲ್ಲಿ ಇರುವುದೇ ಅದು, ಆದರೆ ಇಷ್ಟು ಚೆನ್ನಾಗಿ ಇಲ್ಲ.

1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆ ಮಾಡಲು ಎಕ್ಸ್‌ರೇ ಯಂತ್ರವನ್ನು ವಾಹನದಲ್ಲಿ ಇಟ್ಟು ಜನರಿದ್ದಲ್ಲಿಗೇ ಕಳಿಸುತ್ತಿದ್ದರು. ಮನೆ ಹತ್ತಿರಕ್ಕೆ ಬಂದರೂ ಎಷ್ಟೋ ಜನ ಬರುತ್ತಿರಲಿಲ್ಲ. ಯಾಕೆ ಅಂತ ತಿಳಿಯಲು ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮತ್ತು ಅವರ ಜೊತೆಯವರು ಕೂತರು. ಅವರಿಗೆ ಸಿಕ್ಕ ಉತ್ತರ ಹೀಗಿದೆ. ಮನುಷ್ಯ ಕಾಯಿಲೆ ಬಗ್ಗೆ ಏನಾದರೂ ಮಾಡಬೇಕಾದರೆ ಅವನ ಮನಸ್ಸು ಕೆಲವು ಮಾತಿಗೆ ಹೂಂ ಅನ್ನಬೇಕು. ಇದು ನನಗೂ ಬರಬಹುದು. ಬಂದರೆ ಹಗುರವಲ್ಲ. ನಾನು ಏನಾದರೂ ಮಾಡಿದರೆ ಉಪಯೋಗ ಇದೆ. ಮಾಡೋಕೆ ತಗಲುವ ತೊಂದರೆಗಿಂತ ಆ ಉಪಯೋಗ ದೊಡ್ಡದು. ಇವೆಲ್ಲ ಇದ್ದರೂ ಯಾರೋ ಒಬ್ಬರು ಎಬ್ಬಿಸಬೇಕು, ಒಂದು ಕಾಗದವೋ ಒಂದು ಫೋನೋ.

1988ರಲ್ಲಿ ಇದಕ್ಕೆ ಇನ್ನೊಂದು ಸೇರಿಸಿದರು. "ಇದು ನನ್ನ ಕೈಲಿ ಆಗುತ್ತದೆ" ಅನ್ನುವ ಧೈರ್ಯ. ನನಗನ್ನಿಸುವ ಪ್ರಕಾರ ಇದೇ ಮುಖ್ಯ. ನಿಮ್ಮ ಅಣ್ಣನಿಗೆ ಮೊದಲ ಎರಡು ಮಾತು ಪೂರ್ತಿ ಒಪ್ಪಿಗೆ. ಬರುತ್ತೆ ಅಂತಲೂ ಗೊತ್ತು, ಕೆಟ್ಟದ್ದು ಅಂತಲೂ ಗೊತ್ತು, ಅಮ್ಮನನ್ನು ನೋಡಿದ್ದಾನಲ್ಲ. ಇಲ್ಲದಿರುವುದು ಕೊನೆಯದು. ಭಯವನ್ನು ಎರಡು ಪಟ್ಟು ಮಾಡಿ, ದಾರಿ ತೋರಿಸದಿದ್ದರೆ ಜನ ಭಯದಿಂದ ತಪ್ಪಿಸಿಕೊಳ್ಳುತ್ತಾರೆ, ಕಾಯಿಲೆಯಿಂದ ಅಲ್ಲ. "ಹಣೆಬರಹ" ಅನ್ನುವುದು ಹಾಗೆ ತಪ್ಪಿಸಿಕೊಳ್ಳುವ ದಾರಿ. ದಯವಿಟ್ಟು ಅವರಿಗೆ ಕೊಳೆತ ಕಾಲಿನ ಫೋಟೋ ಕಳಿಸಬೇಡಿ.

ಮುಂಜಾವು

ಈಗಾಗಲೇ ಕಳಿಸಿದ್ದೆ. ನೋಡಿ, ಉತ್ತರ ಕೊಡದೆ ಬಿಟ್ಟ. ಅವತ್ತಿನಿಂದ ಫೋನ್ ಮಾಡಿದರೂ ಎರಡೇ ಮಾತಿಗೆ ಇಡುತ್ತಾನೆ. ಈಗ ಅರ್ಥ ಆಯಿತು.

ತೆರೆದ ಬಾಗಿಲು

ಎಲ್ಲರ ಮಾತೂ ಸರಿ, ಆದರೆ ನನ್ನದೊಂದು ತಕರಾರು ಇದೆ. ನನಗೆ 103 ಬಂದಿತ್ತು. ಒಂದು ಕಡೆ ಬಾರ್ಡರ್ ಅಂದರು. ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 110ರ ಕೆಳಗಿದ್ದರೆ ನಾರ್ಮಲ್ ಅಂದರು. ಅಮೆರಿಕದ ಮಧುಮೇಹ ಸಂಘದ ಗೆರೆ 100, ಇವರ ಗೆರೆ 110. ಗೆರೆ ಎಳೆಯುವವರೇ ಒಪ್ಪದಿದ್ದರೆ ನಾನು ಯಾರನ್ನು ನಂಬಲಿ? ಆ ಒಂದು ಅಂಕಿಯಿಂದ ಆರು ತಿಂಗಳು ನನಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಚೆನ್ನಾಗಿದ್ದವರನ್ನು ರೋಗಿ ಮಾಡುವುದೂ ಒಂದು ಹಾನಿಯೇ ಅಲ್ವಾ? ಬಾರ್ಡರ್‌ನಲ್ಲಿ ಇದ್ದವರೆಲ್ಲ ದಾಟುವುದಿಲ್ಲ ಅಂತಲೂ ಓದಿದ್ದೇನೆ.

ನೀಲಿ ಶಾಯಿ

ನಿಮ್ಮ ತಕರಾರು ನ್ಯಾಯವಾದದ್ದು. ಗೆರೆ ಎರಡು ಇರುವುದೂ ನಿಜ. ಸಕ್ಕರೆಗೆ 99ರಲ್ಲಿ ಒಂದು ಗುಣ, 101ರಲ್ಲಿ ಇನ್ನೊಂದು ಗುಣ ಅಂತಿಲ್ಲ. ಅದು ಏರುವ ಇಳಿಜಾರು, ಎಲ್ಲೋ ಒಂದು ಕಡೆ ಗೂಟ ಹೊಡೆಯಬೇಕಲ್ಲ, ಹೊಡೆದಿದ್ದಾರೆ. ಎಲ್ಲರೂ ದಾಟುವುದಿಲ್ಲ ಅನ್ನುವುದೂ ನಿಜ. ಎಷ್ಟೋ ಜನ ಅಲ್ಲೇ ಉಳಿಯುತ್ತಾರೆ, ಕೆಲವರು ನಾರ್ಮಲ್‌ಗೆ ವಾಪಸ್ ಬರುತ್ತಾರೆ.

ಆದರೆ ನಿಮಗೆ ಆ ಆರು ತಿಂಗಳ ಸಂಕಟ ಕೊಟ್ಟದ್ದು 103 ಅಲ್ಲ. ಅಂಕಿ ಕೊಟ್ಟು, ಜೊತೆಗೆ ಏನು ಮಾಡಬೇಕು ಅಂತ ಹೇಳದೆ ಕಳಿಸಿದರಲ್ಲ, ಅದು. ನಮ್ಮ ಕೆಲಸದವರು ಮಾಡುವ ದೊಡ್ಡ ತಪ್ಪು ಅದೇ. ನಾನೂ ಮಾಡಿದ್ದೇನೆ.

ಓದುವ ಹುಚ್ಚು

ಏನು ಮಾಡಬೇಕು ಅನ್ನುವುದಕ್ಕೆ ಗಟ್ಟಿ ಉತ್ತರ ಇದೆ, ಅದನ್ನು ಹೇಳಲೇಬೇಕು. ಯಾಕೆಂದರೆ "ವಂಶದಲ್ಲಿ ಇದ್ದರೆ ಬಂದೇ ಬರುತ್ತೆ" ಅನ್ನುವ ಮಾತನ್ನು ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ.

ಚೀನಾದ ಡಾಚಿಂಗ್‌ನಲ್ಲಿ 1986ರಲ್ಲಿ ಶುರು ಮಾಡಿದರು. ಬಾರ್ಡರ್‌ನಲ್ಲಿದ್ದ 577 ಜನ. ಆರು ವರ್ಷ ಊಟ, ವ್ಯಾಯಾಮದ ಬಗ್ಗೆ ಜೊತೆಗಿದ್ದು ನೋಡಿಕೊಂಡರು. 30 ವರ್ಷದ ನಂತರ ಮತ್ತೆ ಹೋಗಿ ನೋಡಿದರೆ, ಆ ಗುಂಪಿನವರಿಗೆ ಮಧುಮೇಹ ಬಂದದ್ದು ಸರಾಸರಿ ನಾಲ್ಕು ವರ್ಷ ತಡವಾಗಿ. ಹೃದಯ, ರಕ್ತನಾಳದ ಕಾಯಿಲೆಯಿಂದ ಸತ್ತವರೂ ಕಡಿಮೆ. ಆರು ವರ್ಷದ ದುಡಿಮೆಯ ಫಲ ಮೂವತ್ತು ವರ್ಷ ಬಂತು.

ಫಿನ್ಲೆಂಡ್‌ನಲ್ಲಿ 522 ಜನ. ಅವರ ಫಲಿತಾಂಶ 2001ರಲ್ಲಿ ಬಂತು. ಅಪಾಯ ಶೇ 58 ಕಡಿಮೆ. ಐದು ಗುರಿ ಇಟ್ಟಿದ್ದರು: ತೂಕ ಸ್ವಲ್ಪ ಇಳಿಸುವುದು, ಕೊಬ್ಬು ಕಡಿಮೆ, ಅದರಲ್ಲೂ ಬೆಣ್ಣೆ, ತುಪ್ಪದಲ್ಲಿರುವಂಥ ಗಟ್ಟಿ ಕೊಬ್ಬು ಕಡಿಮೆ, ನಾರು ಜಾಸ್ತಿ, ದಿನಕ್ಕೆ ಅರ್ಧ ಗಂಟೆಯಷ್ಟು ಓಡಾಟ. ಐದರಲ್ಲಿ ನಾಲ್ಕು ಮುಟ್ಟಿದವರಲ್ಲಿ ಅಧ್ಯಯನ ನಡೆದಷ್ಟು ದಿನ ಒಬ್ಬರಿಗೂ ಮಧುಮೇಹ ಬರಲಿಲ್ಲ.

ಅಮೆರಿಕದ್ದು ಇನ್ನೂ ದೊಡ್ಡದು, 3,234 ಜನ, 2002ರಲ್ಲಿ ಪ್ರಕಟ ಆಯಿತು. ಇದನ್ನು ನಿಮ್ಮ ಅಣ್ಣನಿಗೆ ಹೀಗೆ ಹೇಳಿ. ಬಾರ್ಡರ್‌ನಲ್ಲಿರುವ ನೂರು ಜನರನ್ನು ಹಾಗೇ ಬಿಟ್ಟರೆ ಮೂರು ವರ್ಷದಲ್ಲಿ 29 ಜನ ದಾಟಿದರು. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ನೂರು ಜನರಲ್ಲಿ 22. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದು, ತೂಕದ ಶೇ 7ರಷ್ಟು ಇಳಿಸುವ ಪ್ರಯತ್ನ ಮಾಡಿದ ನೂರು ಜನರಲ್ಲಿ 14. ನಡೆದು ತೂಕ ಇಳಿಸಿದವರಲ್ಲಿ 60 ವರ್ಷ ದಾಟಿದವರಿಗೆ ಇನ್ನೂ ಒಳ್ಳೆಯ ಫಲ ಸಿಕ್ಕಿತು. ಅಪ್ಪ ಅಮ್ಮನಿಗೆ ಶುಗರ್ ಇದ್ದವರು ಈ ಗುಂಪುಗಳಲ್ಲಿ ಬೇಕಾದಷ್ಟು ಜನ ಇದ್ದರು. ವಂಶದಿಂದ ಬರುವುದು ಒಲವು. ಆ ಒಲವು ಇದ್ದವರಿಗೂ ನಡಿಗೆ ಕೆಲಸ ಮಾಡಿತು.

ಇನ್ನೊಂದು ಸಂಗತಿ. ಶೇ 7 ಅಂದರೆ 80 ಕೆಜಿ ಇರುವವರಿಗೆ ಐದೂವರೆ ಕೆಜಿ. ಜನ ಅಂದುಕೊಳ್ಳುವುದು 20 ಕೆಜಿ ಇಳಿಸಬೇಕು, ಅದು ಸಾಧ್ಯ ಇಲ್ಲ, ಆದ್ದರಿಂದ ಬೇಡ ಅಂತ.

ಹಳೇ ಸೈಕಲ್

29, 22, 14. ಈ ಮೂರು ಅಂಕಿ ಆಗ ಯಾರಾದರೂ ನನಗೆ ಹೇಳಿದ್ದರೆ! ಎಲ್ಲರೂ ಕಾಲು ಹೋಗುತ್ತೆ, ಕಣ್ಣು ಹೋಗುತ್ತೆ ಅಂತಲೇ ಹೇಳಿದರು.

ನಾನು ಹೇಗೆ ಬದಲಾದೆ ಅಂತ ಹೇಳುತ್ತೇನೆ. ನನ್ನ ಮಗಳು ಆಗ ಆರನೇ ಕ್ಲಾಸು. ರಾತ್ರಿ ಊಟ ಆದ ಕೂಡಲೇ ನಾನು ಸೋಫಾದಲ್ಲಿ ಬಿದ್ದುಕೊಳ್ಳುತ್ತಿದ್ದೆ. ಒಂದು ದಿನ ಬಂದು, "ಅಪ್ಪ, ನಂಗೆ ಒಬ್ಳೇ ಕತ್ತಲಲ್ಲಿ ನಡೆಯೋಕೆ ಭಯ, ಬಾ" ಅಂತ ಕೈ ಹಿಡಿದು ಎಳೆದಳು. ಹತ್ತು ನಿಮಿಷ ಹೋಗಿ ಬಂದೆವು. ಮರುದಿನವೂ ಬಂದಳು. ಅವಳಿಗೆ ಕತ್ತಲ ಭಯ ಇರಲೇ ಇಲ್ಲ, ನನ್ನ ಹೆಂಡತಿ ಹೇಳಿಕೊಟ್ಟಿದ್ದಳು ಅಂತ ವರ್ಷದ ಮೇಲೆ ಗೊತ್ತಾಯಿತು. ಹತ್ತು ನಿಮಿಷ ಮೂವತ್ತು ಆಯಿತು. ಮೂರು ತಿಂಗಳು ನಡೆದ ಮೇಲೆ, "ಸರಿ, ಈಗ ನೋಡಿಸಬಹುದು" ಅಂತ ನನಗೇ ಅನ್ನಿಸಿತು. ಎಲ್ಲರೂ ಮೊದಲು ಪರೀಕ್ಷೆ, ಆಮೇಲೆ ನಡಿಗೆ ಅಂತಾರೆ. ನನಗೆ ತಿರುಗುಮುರುಗು ಆಯಿತು. ಕಾಲು ನನ್ನ ಮಾತು ಕೇಳುತ್ತೆ ಅಂತ ಗೊತ್ತಾದ ಮೇಲೆ ಕಾಗದ ನೋಡೋ ಧೈರ್ಯ ಬಂತು. 6.3 ಇತ್ತು. ಈಗ ನಾಲ್ಕು ವರ್ಷ ಆಯಿತು, 5.8ರ ಆಸುಪಾಸಿನಲ್ಲಿದೆ.

ಎರಡು ಮಕ್ಕಳ ಅಮ್ಮ

ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಮುತ್ತು ಕೊಡಿ ಅಣ್ಣ.

ನೋಡಿಸಿಕೊಂಡು ಬಂದೆ. 5.9. ಡಾಕ್ಟರು ಮಾತ್ರೆ ಬಗ್ಗೆ ಹೇಳಿದರು, ಬಸುರಿನಲ್ಲಿ ಶುಗರ್ ಬಂದವರಿಗೆ ಮೆಟ್‌ಫಾರ್ಮಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಬೇಕಿದ್ದರೆ ಯೋಚಿಸಿ ಅಂತ. ಅತ್ತೆ ಬೇಡವೇ ಬೇಡ ಅನ್ನುತ್ತಾರೆ. ಶುರು ಮಾಡಿದರೆ ಬಿಡೋಕಾಗಲ್ಲ, ಕಿಡ್ನಿ ಹೋಗುತ್ತೆ ಅಂತ. ಅವರ ತಂಗಿಗೆ ಮಾತ್ರೆ, ಇನ್ಸುಲಿನ್ ಶುರು ಮಾಡಿ ಎರಡು ವರ್ಷಕ್ಕೆ ಕಿಡ್ನಿ ಹೋಯಿತಂತೆ. ಇದಕ್ಕೆ ಏನು ಹೇಳಲಿ?

ನೀಲಿ ಶಾಯಿ

ಅತ್ತೆಯವರು ಕಂಡದ್ದು ಸುಳ್ಳಲ್ಲ. ಮಾತ್ರೆ ಬಂತು, ಆಮೇಲೆ ಕಿಡ್ನಿ ಹೋಯಿತು. ಕಣ್ಣಿಗೆ ಕಂಡದ್ದು ಅಷ್ಟೇ. ಕಾಣದೆ ಇದ್ದದ್ದು, ಮಾತ್ರೆಗಿಂತ ಮುಂಚೆ ಹತ್ತು ಹದಿನೈದು ವರ್ಷ ಸಕ್ಕರೆ ಕಿಡ್ನಿಯನ್ನು ತಿನ್ನುತ್ತಾ ಇದ್ದದ್ದು. ತಡವಾಗಿ ಶುರು ಮಾಡಿದ ಔಷಧಿಗೆ ಮುಂಚಿನ ಹಾನಿಯ ಅಪವಾದ ಬರುತ್ತದೆ. ಇನ್ಸುಲಿನ್‌ದೂ ಅದೇ ಕಥೆ. ಕೊನೆಗೆ ಕೊಡುತ್ತಾರೆ, ಆದ್ದರಿಂದ ಅದು ಬಂದರೆ ಕೊನೆ ಅಂತ ಜನ ತಿಳಿಯುತ್ತಾರೆ.

ಮೆಟ್‌ಫಾರ್ಮಿನ್ ಚೆನ್ನಾಗಿರುವ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಮೊದಲೇ ತುಂಬ ಸೋತಿದ್ದರೆ ಅದನ್ನು ಕೊಡುವುದಿಲ್ಲ, ಅದಕ್ಕೇ ಮೊದಲು ರಕ್ತ ಪರೀಕ್ಷೆ ಮಾಡುತ್ತಾರೆ. ಕೆಲವರಿಗೆ ಹೊಟ್ಟೆ ಗುಡುಗುಡು, ಭೇದಿ ಆಗಬಹುದು. ತುಂಬ ವರ್ಷ ತಗೊಂಡರೆ ಬಿ12 ವಿಟಮಿನ್ ಕಡಿಮೆ ಆಗಬಹುದು, ಅದನ್ನು ಆಗಾಗ ನೋಡಿಸಬೇಕು. ತಗೊಳ್ಳಬೇಕೋ ಬೇಡವೋ ನೀವು ಮತ್ತು ನಿಮ್ಮ ಡಾಕ್ಟರು ಕೂತು ತೀರ್ಮಾನ ಮಾಡಿ. ಆದರೆ ಕಿಡ್ನಿ ಭಯದಿಂದ ಬೇಡ ಅನ್ನಬೇಡಿ. ಅತ್ತೆಯವರ ಜೊತೆ ವಾದ ಮಾಡಬೇಡಿ. "ನಿಮ್ಮ ತಂಗಿಗೆ ಎಷ್ಟು ವರ್ಷದಿಂದ ಶುಗರ್ ಇತ್ತು ಅತ್ತೆ?" ಅಂತ ಕೇಳಿ. ಅವರೇ ಲೆಕ್ಕ ಹಾಕಲಿ.

ತೆರೆದ ಬಾಗಿಲು

ಸಿಹಿ ಬಿಟ್ಟರೆ ಸರಿಹೋಗುತ್ತೆ ಅನ್ನುವ ಮಾತಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲೂ ಇದೇ ನಂಬಿಕೆ. ಸಕ್ಕರೆ ಬದಲು ಜೇನು ಹಾಕುತ್ತಾರೆ. ಕಹಿ ಕುಡಿದರೆ ಸಿಹಿ ಕರಗುತ್ತೆ ಅಂತಲೂ ಇದೆ.

ನೀಲಿ ಶಾಯಿ

ಹೆಸರೇ ಸಕ್ಕರೆ ಕಾಯಿಲೆ ಅಂತಿರುವಾಗ ಜನ ಸಕ್ಕರೆಯನ್ನೇ ದೂರುವುದು ಸಹಜ. ಸಕ್ಕರೆ ಹಾಕಿದ ಪಾನೀಯಗಳಿಂದ ಅಪಾಯ ಹೆಚ್ಚುವುದು ನಿಜ, ಅವುಗಳನ್ನು ಬಿಡುವುದು ಒಳ್ಳೆಯದೇ. ಆದರೆ ಹಿಟ್ಟು, ಧಾನ್ಯ ಯಾವುದೇ ಆಗಲಿ, ಜೀರ್ಣ ಆದ ಮೇಲೆ ಗ್ಲೂಕೋಸೇ. ಜೇನೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ. ನಾಲಿಗೆಗೆ ಕಹಿ ಅನಿಸಿದ್ದು ರಕ್ತದಲ್ಲಿ ಸಿಹಿಯನ್ನು ಕೊಲ್ಲುವುದಿಲ್ಲ, ರಕ್ತಕ್ಕೆ ನಾಲಿಗೆ ಇಲ್ಲ. ನನ್ನ ಹತ್ತಿರ ಬರುವವರಲ್ಲಿ ಟೀಗೆ ಸಕ್ಕರೆ ಬಿಟ್ಟೆ ಅಂತ ಹೇಳಿ, ತಟ್ಟೆಯ ಮುಕ್ಕಾಲು ಭಾಗ ಬಿಳಿ ಪಿಷ್ಟವೇ ತುಂಬಿಕೊಳ್ಳುವವರು ತುಂಬ ಜನ. ಒಂದೇ ಒಂದು ಬದಲಾವಣೆ ಸಾಕು ಅಂದರೆ ನಾನು ತಟ್ಟೆ ತೋರಿಸುತ್ತೇನೆ. ಅರ್ಧ ತರಕಾರಿ, ಕಾಲು ಭಾಗ ಕಾಳು ಅಥವಾ ಬೇರೆ ಪ್ರೋಟೀನ್, ಉಳಿದ ಕಾಲು ಧಾನ್ಯ. ಅಳತೆ, ಲೆಕ್ಕ ಏನೂ ಬೇಡ, ಕಣ್ಣಲ್ಲೇ ನೋಡಿ ಬಡಿಸಿಕೊಳ್ಳುವುದು.

ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ. ನಿದ್ದೆ ಕೆಟ್ಟರೂ ಸಕ್ಕರೆ ಏರುತ್ತದೆ. ಇವೆರಡನ್ನು ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಮುಂಜಾವು

ಐದು ವಾರದ ನಂತರ ಬರೆಯುತ್ತಿದ್ದೇನೆ. ಅಣ್ಣನ ಹತ್ತಿರ ಹೋದೆ. ಮೊದಲು ಫೋಟೋ ಕಳಿಸಿದ್ದಕ್ಕೆ ಕ್ಷಮೆ ಕೇಳಿದೆ. ಅವನು ತಲೆ ಎತ್ತಿ ನೋಡಿದ, ಏನೂ ಹೇಳಲಿಲ್ಲ. ಪರೀಕ್ಷೆ ಮಾತೇ ಎತ್ತಲಿಲ್ಲ ನಾನು. ಒಂದು ಕಾಗದ ತಗೊಂಡು ನೂರು ಚುಕ್ಕಿ ಇಟ್ಟೆ. ಹತ್ತು ಸಾಲು, ಸಾಲಿಗೆ ಹತ್ತು. 29 ಚುಕ್ಕಿಗೆ ಸುತ್ತು ಹಾಕಿದೆ. ಆಮೇಲೆ ಅದರಲ್ಲಿ 15ಕ್ಕೆ ಅಡ್ಡಗೆರೆ ಎಳೆದೆ. "ಇವರು ಬರೀ ನಡೆದು, ಸ್ವಲ್ಪ ತೂಕ ಇಳಿಸಿ ತಪ್ಪಿಸಿಕೊಂಡವರು" ಅಂದೆ. ಪೆನ್ನು ಕೈಯಿಂದ ತಗೊಂಡು ಉಳಿದ 14 ಚುಕ್ಕಿ ಎಣಿಸಿದ. "ಮತ್ತೆ ಇವ್ರು?" ಅಂದ. "ಅವರಿಗೆ ಬಂತು. ಸುಳ್ಳು ಹೇಳಲ್ಲ" ಅಂದೆ. ಸುಮಾರು ಹೊತ್ತು ಕಾಗದ ನೋಡುತ್ತಾ ಕೂತಿದ್ದ. "ಅಮ್ಮಂಗೆ ಯಾರೂ ಹೀಗೆ ಹೇಳ್ಲಿಲ್ಲ ಅಲ್ವಾ" ಅಂದ.

ಪರೀಕ್ಷೆ ಇನ್ನೂ ಮಾಡಿಸಿಲ್ಲ. ಆದರೆ ಸಂಜೆ ನಾನು ನಡೆಯಲು ಹೋಗುವಾಗ ಬರುತ್ತಿದ್ದಾನೆ. ವಾರದಲ್ಲಿ ಮೂರು ನಾಲ್ಕು ದಿನ. ಮಳೆ ಬಂದರೆ ಅಮ್ಮನೂ ಸೇರಿ ಮನೆಯೊಳಗೇ ಗೋಡೆಯಿಂದ ಗೋಡೆಗೆ. ಯಜಮಾನರಿಗೆ ತಟ್ಟೆಯ ಲೆಕ್ಕ ಹೇಳಿದ್ದೇನೆ, ಅವರೇ ಬಡಿಸುತ್ತಾರೆ. ನನ್ನ ತೂಕ ಎರಡು ಕೆಜಿ ಇಳಿದಿದೆ. ಮೂರು ತಿಂಗಳಿಗೆ ಮತ್ತೆ ಎಚ್‌ಬಿ ಎ1ಸಿ ಮಾಡಿಸುತ್ತೇನೆ.

ಹಳೇ ಸೈಕಲ್

ಅಣ್ಣನನ್ನು ಅವಸರ ಮಾಡಬೇಡಿ ತಂಗಿ. ಬರುತ್ತಾನೆ. ನನ್ನ ಕಾಲದಲ್ಲಿ ಮೂರು ತಿಂಗಳು ಬೇಕಾಯಿತು. ಮೂರು ತಿಂಗಳಾದ ಮೇಲೂ ಬರದಿದ್ದರೆ ನಿಮ್ಮ ಪರೀಕ್ಷೆಗೆ ಜೊತೆಗೆ ಬಾ ಅಂತ ಕರೆಯಿರಿ.

ರಾತ್ರಿ ಪಾಳಿ

ನೀಲಿ ಶಾಯಿ ಅಕ್ಕ, 92 ಅಂತ ಬರೆದವನು ನಾನು. ಪರೀಕ್ಷೆ ಮಾಡಿಸಬೇಕು ಅಂತಿದ್ದೇನೆ, ಆದರೆ ಖಾಲಿ ಹೊಟ್ಟೆ ಅಂದರೆ ನನಗೆ ಯಾವಾಗ? ರಾತ್ರಿ ಹತ್ತಕ್ಕೆ ಕೆಲಸ ಶುರು, ಬೆಳಿಗ್ಗೆ ಆರಕ್ಕೆ ಮುಗಿಯುತ್ತದೆ. ಮಧ್ಯರಾತ್ರಿ ಎರಡಕ್ಕೆ ಊಟ.

ನೀಲಿ ಶಾಯಿ

ಖಾಲಿ ಹೊಟ್ಟೆ ಪರೀಕ್ಷೆಗೆ ಎಂಟು ಗಂಟೆ ನೀರು ಬಿಟ್ಟು ಏನೂ ಸೇವಿಸಬಾರದು. ಪಾಳಿ ಮುಗಿಸಿದ ಬೆಳಿಗ್ಗೆ ಬೇಡ, ನಿದ್ದೆಗೆಟ್ಟ ದೇಹದ ಅಂಕಿ ಬೇರೆ ಥರ ಇರಬಹುದು. ರಜೆಯ ದಿನ ರಾತ್ರಿ ಚೆನ್ನಾಗಿ ಮಲಗಿ, ಎದ್ದ ಮೇಲೆ ಹೋಗಿ. ಅಲ್ಲಿವರೆಗೆ ಕಾಯುವುದು ಬೇಡ ಅಂದರೆ ಎಚ್‌ಬಿ ಎ1ಸಿ ಮಾಡಿಸಿ. ಅದು ಎರಡು ಮೂರು ತಿಂಗಳ ಸರಾಸರಿ, ಅದಕ್ಕೆ ಹೊಟ್ಟೆ ಖಾಲಿ ಇರಬೇಕಿಲ್ಲ. ಸಂಜೆ ಊಟ ಮಾಡಿಯೂ ಕೊಡಬಹುದು.

ರಾತ್ರಿ ಪಾಳಿ

ಹಾಗಾದರೆ ಗುರುವಾರ ಕೆಲಸಕ್ಕೆ ಹೋಗುವ ದಾರಿಯಲ್ಲೇ ಕೊಟ್ಟು ಹೋಗುತ್ತೇನೆ. ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ ಅಕ್ಕ, ಎಷ್ಟೇ ಬರಲಿ.